ಡಬ್ಬಿಯ ಮೇಲಿನ ಚೀಟಿ: ಕಂಟೆಂಟ್-ಟೈಪ್ ಹೆಡರ್ ತಪ್ಪಿದರೆ ಡೇಟಾ ಎಲ್ಲಿಗೆ ಹೋಗುತ್ತದೆ?

ಹೋದ ಮಳೆಗಾಲದಲ್ಲಿ ನಮ್ಮ ಚಿಕ್ಕಮ್ಮನ ಜೇನಿನ ವ್ಯಾಪಾರಕ್ಕೆ ಒಂದು ಚಿಕ್ಕ ಆರ್ಡರ್ ಪುಟ ಮಾಡಿಕೊಟ್ಟೆ. ಹೆಸರು, ಊರು, ಫೋನ್ ನಂಬರ್, ಎಷ್ಟು ಬಾಟಲಿ ಬೇಕು, ಅಷ್ಟೇ. ಕೆಳಗೊಂದು ಬಟನ್. ಒತ್ತಿದರೆ ‘ನಿಮ್ಮ ಆರ್ಡರ್ ಬಂದಿದೆ’ ಎಂದು ತೋರಿಸುತ್ತಿತ್ತು. ಸರ್ವರ್ ಕಡೆಯಿಂದ 200 ಬರುತ್ತಿತ್ತು, ಅಂದರೆ ಎಲ್ಲ ಸರಿ ಇದೆ ಅಂತ. ಮೂರು ದಿನ ಬಿಟ್ಟು ಆರ್ಡರ್ ಪಟ್ಟಿ ತೆಗೆದರೆ ಹನ್ನೊಂದು ಸಾಲು ಇದ್ದವು, ಪ್ರತಿ ಸಾಲಿನಲ್ಲೂ ತಾರೀಖು ಮಾತ್ರ. ಹೆಸರು ಖಾಲಿ, ಊರು ಖಾಲಿ, ಬಾಟಲಿ ಖಾಲಿ. ಹನ್ನೊಂದು ಜನ ಜೇನು ಕೇಳಿದ್ದರು, ಯಾರು ಅಂತ ತಿಳಿಯುವ ದಾರಿಯೇ ಇರಲಿಲ್ಲ.

ಎರಡು ಸಂಜೆ ಹುಡುಕಿದ ಮೇಲೆ ಸಿಕ್ಕಿದ್ದು ಇಷ್ಟು: ಕೋಡಿನಲ್ಲಿ ಒಂದು ಸಾಲು ಬಿಟ್ಟುಹೋಗಿತ್ತು. ಕಂಟೆಂಟ್-ಟೈಪ್ ಅನ್ನುವ ಸಾಲು.

ಈಗ ಎಐ ಹತ್ತಿರ ಕೋಡ್ ಬರೆಸಿಕೊಂಡು ತಾವೇ ಫಾರ್ಮ್, ಬಾಟ್, ಪೇಮೆಂಟ್ ಪುಟ ಜೋಡಿಸಿಕೊಳ್ಳುವವರು ಜಾಸ್ತಿ ಆಗಿದ್ದಾರೆ. ಅಂಗಡಿ ನಡೆಸುವವರು, ಶಾಲೆ ಮೇಷ್ಟ್ರು, ಕಾಲೇಜು ಮಕ್ಕಳು, ಎಲ್ಲರೂ. ಕೋಡ್ ಬಂದುಬಿಡುತ್ತದೆ, ಓಡುತ್ತದೆ ಕೂಡ. ಆದರೆ ಕಳಿಸಿದ್ದು ಆ ಕಡೆ ತಲುಪದೇ ಇದ್ದಾಗ ಎಲ್ಲಿ ನೋಡಬೇಕು ಅಂತ ಗೊತ್ತಾಗುವುದಿಲ್ಲ. ಅಂಥವರಿಗಾಗಿ ಇದನ್ನು ಬುಡದಿಂದ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲ ಹೆಸರುಗಳನ್ನೂ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ, ನೀವು ಕೋಡಿನಲ್ಲಿ ಬರೆಯುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.

## ರಿಕ್ವೆಸ್ಟ್ ಒಳಗೆ ಏನಿರುತ್ತದೆ

ಬ್ರೌಸರ್ ಆಗಲಿ ಮೊಬೈಲ್ ಆಪ್ ಆಗಲಿ, ಸರ್ವರ್ ಹತ್ತಿರ ಏನಾದರೂ ಕೇಳಿದರೆ ಅಥವಾ ಏನಾದರೂ ಕೊಟ್ಟರೆ ಅದಕ್ಕೆ ರಿಕ್ವೆಸ್ಟ್ ಎನ್ನುತ್ತಾರೆ. ಅದು ಹೆಚ್ಚೂಕಡಿಮೆ ಹೀಗೆ ಕಾಣುತ್ತದೆ:

ಪೋಸ್ಟ್ /ಆರ್ಡರ್
ಕಂಟೆಂಟ್-ಟೈಪ್: ಅಪ್ಲಿಕೇಶನ್/ಜೇಸನ್

{"ಹೆಸರು": "ಕಮಲ", "ಊರು": "ಶಿರಸಿ", "ಬಾಟಲಿ": 2}

ಮೊದಲ ಸಾಲು ಏನು ಮಾಡಬೇಕು, ಎಲ್ಲಿಗೆ ಹೋಗಬೇಕು ಅಂತ ಹೇಳುತ್ತದೆ. ಪೋಸ್ಟ್ ಅಂದರೆ ‘ಇಗೋ ತಗೋ’ ಎಂದು ಕೊಡುವುದು, ಗೆಟ್ ಅಂದರೆ ‘ಅದನ್ನು ಕೊಡು’ ಎಂದು ಕೇಳುವುದು. ಅದರ ಕೆಳಗಿನ ಸಾಲುಗಳು ಹೆಡರ್‌ಗಳು. ನಿಜವಾದ ರಿಕ್ವೆಸ್ಟ್‌ನಲ್ಲಿ ಇವು ಹತ್ತಿಪ್ಪತ್ತು ಇರುತ್ತವೆ, ನಮಗೆ ಬೇಕಾದ್ದನ್ನು ಮಾತ್ರ ಇಟ್ಟಿದ್ದೇನೆ. ಆಮೇಲೆ ಒಂದು ಖಾಲಿ ಸಾಲು. ಖಾಲಿ ಸಾಲಿನ ಕೆಳಗಿರುವುದೆಲ್ಲ ಬಾಡಿ, ಅಂದರೆ ನಾವು ಕಳಿಸುವ ಸರಕು.

ಬಾಡಿಯಲ್ಲಿ ಏನು ಬೇಕಾದರೂ ಇರಬಹುದು. ಅಕ್ಷರ, ಫೋಟೋ, ಹಾಡು, ಎಕ್ಸೆಲ್ ಫೈಲ್. ಸರ್ವರ್‌ಗೆ ತಲುಪುವಾಗ ಅವೆಲ್ಲ ಬರೀ ಬೈಟ್‌ಗಳ ಸಾಲು. ಈ ಬೈಟ್‌ಗಳನ್ನು ಹೇಗೆ ಓದಬೇಕು ಅಂತ ಹೇಳುವ ಹೆಡರ್ರೇ ಕಂಟೆಂಟ್-ಟೈಪ್.

## ಗಿರಣಿಯಲ್ಲಿ ಇಟ್ಟ ಡಬ್ಬಿ

ಹಿಟ್ಟಿನ ಗಿರಣಿ ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ಹೋಗಿ ಡಬ್ಬಿ ಇಟ್ಟು, ಮೇಲೆ ಒಂದು ಚೀಟಿ ಇಟ್ಟು ಬರುತ್ತೇವೆ. ‘ರಾಗಿ, 5 ಕೆಜಿ, ನುಣ್ಣಗೆ.’ ಗಿರಣಿಯಲ್ಲಿ ರಾಗಿಗೆ ಒಂದು ಮೆಷಿನ್, ಗೋಧಿಗೆ ಒಂದು, ಖಾರದ ಪುಡಿಗೆ ಮೂಲೆಯಲ್ಲಿ ಇನ್ನೊಂದು. ಯಾವ ಡಬ್ಬಿ ಯಾವ ಮೆಷಿನ್‌ಗೆ ಅನ್ನುವುದು ಚೀಟಿ ನೋಡಿ ತೀರ್ಮಾನ ಆಗುತ್ತದೆ.

ಸರ್ವರ್ ಕೂಡ ಹಾಗೇ. ಅದರೊಳಗೆ ಜೇಸನ್ (ಮೇಲೆ ಹೂವಿನ ಆವರಣದೊಳಗೆ ಡೇಟಾ ಬರೆದ ರೀತಿ) ಓದುವ ತುಣುಕು ಬೇರೆ, ಫಾರ್ಮ್ ಓದುವ ತುಣುಕು ಬೇರೆ, ಫೈಲ್ ಬಿಡಿಸುವ ತುಣುಕು ಬೇರೆ. ಇವಕ್ಕೆ ಪಾರ್ಸರ್ ಎನ್ನುತ್ತಾರೆ. ಬಂದ ಸರಕು ಯಾವ ಪಾರ್ಸರ್‌ಗೆ ಹೋಗಬೇಕು ಅನ್ನುವುದನ್ನು ಕಂಟೆಂಟ್-ಟೈಪ್ ಹೇಳುತ್ತದೆ.

ಒಂದು ವ್ಯತ್ಯಾಸ ಇದೆ, ಎಲ್ಲ ತೊಂದರೆಯೂ ಶುರುವಾಗುವುದು ಅಲ್ಲೇ. ಗಿರಣಿಯವರು ಮುಚ್ಚಳ ತೆಗೆದ ತಕ್ಷಣ ‘ಏನಮ್ಮಾ, ರಾಗಿ ಅಂತ ಬರೆದು ಗೋಧಿ ತಂದಿದ್ದೀರಲ್ಲ’ ಎಂದು ಕೇಳುತ್ತಾರೆ. ಸರ್ವರ್ ಸಾಮಾನ್ಯವಾಗಿ ಮುಚ್ಚಳ ತೆಗೆಯುವುದೇ ಇಲ್ಲ. ಒಳಗೆ ಜೇಸನ್ ಇದ್ದರೂ ಚೀಟಿಯಲ್ಲಿ ಜೇಸನ್ ಅಂತ ಇಲ್ಲದಿದ್ದರೆ ಜೇಸನ್ ಪಾರ್ಸರ್ ಅದನ್ನು ಮುಟ್ಟುವುದಿಲ್ಲ. ನಮ್ಮ ಜೇನಿನ ಪುಟದಲ್ಲಿ ಆಗಿದ್ದು ಇದೇ. ಬಾಡಿಯಲ್ಲಿ ಹೆಸರು, ಊರು ಎಲ್ಲ ನೆಟ್ಟಗೆ ಹೋಗಿತ್ತು. ಚೀಟಿ ಮಾತ್ರ ಬೇರೆ ಇತ್ತು.

## ಈ ಚೀಟಿ ಬಂದದ್ದು ಇಮೇಲ್‌ನಿಂದ

ಹಳೆಯ ಇಮೇಲ್‌ನಲ್ಲಿ ಇಂಗ್ಲಿಷ್ ಅಕ್ಷರ ಬಿಟ್ಟು ಬೇರೇನೂ ಹೋಗುತ್ತಿರಲಿಲ್ಲ. ಫೋಟೋ ಇಲ್ಲ, ಕನ್ನಡ ಇಲ್ಲ. 1992ರಲ್ಲಿ ನೇಥನಿಯಲ್ ಬೋರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಸೇರಿ ಮೈಮ್ ಎಂಬ ನಿಯಮ ಬರೆದರು. ಇಮೇಲ್‌ನ ಪ್ರತಿ ತುಂಡಿನ ಮೇಲೂ ‘ಇದು ಚಿತ್ರ’, ‘ಇದು ಧ್ವನಿ’, ‘ಇದು ಅಕ್ಷರ’ ಎಂದು ಚೀಟಿ ಅಂಟಿಸುವ ನಿಯಮ. ಅದೇ ವರ್ಷದ ಮಾರ್ಚ್ 11ರಂದು ಬೋರೆನ್‌ಸ್ಟೈನ್ ತಮ್ಮ ಹಾಡುವ ತಂಡದ ಫೋಟೋ ಮತ್ತು ಹಾಡನ್ನು ಹೀಗೆ ಇಮೇಲ್‌ನಲ್ಲಿ ಕಳಿಸಿದರು.

ವೆಬ್‌ಗೆ ಆಗ ಈ ಚೀಟಿ ಇರಲಿಲ್ಲ. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ ಅವರ ಮೊದಲ ಎಚ್‌ಟಿಟಿಪಿಯಲ್ಲಿ (ಬ್ರೌಸರ್, ಸರ್ವರ್ ಮಾತಾಡುವ ನಿಯಮ) ಹೆಡರ್‌ಗಳೇ ಇಲ್ಲ, ಬರುತ್ತಿದ್ದದ್ದು ಬರೀ ಎಚ್‌ಟಿಎಂಎಲ್ ಪುಟ. ಚಿತ್ರ, ಫೈಲ್ ಎಲ್ಲ ಬೇಕಾದಾಗ ಇಮೇಲ್‌ನ ಚೀಟಿಯನ್ನೇ ಎರವಲು ತಂದರು. 1996ರ ಎಚ್‌ಟಿಟಿಪಿ 1.0 ದಾಖಲೆಯಲ್ಲಿ ಕಂಟೆಂಟ್-ಟೈಪ್ ಇದೆ. ಈಗಲೂ ಇದನ್ನು ‘ಮೈಮ್ ಟೈಪ್’ ಎಂದೇ ಜನ ಕರೆಯುವುದು ಅದಕ್ಕೇ.

## ಚೀಟಿ ಓದುವುದು ಹೇಗೆ

ಓರೆಗೆರೆಯ ಎಡಕ್ಕೆ ದೊಡ್ಡ ಜಾತಿ, ಬಲಕ್ಕೆ ತಳಿ. ‘ಇಮೇಜ್/ಪಿಎನ್‌ಜಿ’ ಅಂದರೆ ಚಿತ್ರ, ಅದರಲ್ಲಿ ಪಿಎನ್‌ಜಿ. ‘ಟೆಕ್ಸ್ಟ್/ಎಚ್‌ಟಿಎಂಎಲ್’ ಅಂದರೆ ಅಕ್ಷರ, ಅದರಲ್ಲಿ ಎಚ್‌ಟಿಎಂಎಲ್. ಕೆಲವೊಮ್ಮೆ ಅರ್ಧವಿರಾಮ ಚಿಹ್ನೆ ಹಾಕಿ ಇನ್ನೊಂದು ಮಾಹಿತಿ ಸೇರಿಸುತ್ತಾರೆ, ‘ಟೆಕ್ಸ್ಟ್/ಎಚ್‌ಟಿಎಂಎಲ್; ಚಾರ್‌ಸೆಟ್=ಯುಟಿಎಫ್-8’ ಅನ್ನುವ ಹಾಗೆ. ಚಾರ್‌ಸೆಟ್ ಅಂದರೆ ಅಕ್ಷರಗಳನ್ನು ಬೈಟ್ ಮಾಡುವ ಪದ್ಧತಿ, ಯುಟಿಎಫ್-8 ಅಂಥದ್ದೊಂದು. ಯಾವ ಹೆಸರು ಯಾವುದಕ್ಕೆ ಎಂಬ ಪಟ್ಟಿಯನ್ನು ಐಯಾನಾ ಎಂಬ ಸಂಸ್ಥೆ ಇಟ್ಟುಕೊಂಡಿರುತ್ತದೆ. ಪಟ್ಟಿ ತುಂಬಾ ಉದ್ದ. ನೀವು ಡೇಟಾ ಕಳಿಸುವಾಗ ದಿನಾ ಎದುರಾಗುವುದು ಮೂರೇ.

## ಮೊದಲನೆಯದು: ಹಳೇ ಫಾರ್ಮ್

ಎಚ್‌ಟಿಎಂಎಲ್‌ನಲ್ಲಿ ಸುಮ್ನೆ ಒಂದು ಫಾರ್ಮ್ ಬರೆದು ಕಳಿಸಿದರೆ ಹೋಗುವ ಚೀಟಿ ‘ಅಪ್ಲಿಕೇಶನ್/ಎಕ್ಸ್-ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಫಾರ್ಮ್-ಯುಆರ್‌ಎಲ್‌ಎನ್‌ಕೋಡೆಡ್’. ಹೆಸರು ಉದ್ದ, ಕೆಲಸ ಸರಳ. ಒಂದೊಂದು ಖಾನೆಗೂ ‘ಖಾನೆಯ ಹೆಸರು=ತುಂಬಿದ್ದು’ ಅಂತ ಬರೆದು, ನಡುವೆ & ಹಾಕಿ ಸೇರಿಸುವುದು. ಪದಗಳ ನಡುವಿನ ಜಾಗ + ಆಗುತ್ತದೆ. ಇಂಗ್ಲಿಷ್ ಅಕ್ಷರ, ಅಂಕೆ ಮತ್ತು ಒಂದೆರಡು ಚಿಹ್ನೆ ಬಿಟ್ಟು ಉಳಿದ ಪ್ರತಿ ಬೈಟ್‌ಗೂ ಒಂದು % ಚಿಹ್ನೆ ಮತ್ತು ಎರಡು ಅಕ್ಷರದ ಸಂಕೇತ.

ಕನ್ನಡಕ್ಕೆ ಇದು ಎಷ್ಟು ಭಾರ ನೋಡಿ. ‘ಕನ್ನಡ’ ಅನ್ನುವ ಪದ ಕಂಪ್ಯೂಟರ್ ಲೆಕ್ಕದಲ್ಲಿ ಐದು ಸಂಕೇತ: ಕ, ನ, ಒತ್ತಕ್ಷರ ಮಾಡುವ ಗುರುತು, ಇನ್ನೊಂದು ನ, ಡ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಈ ಫಾರ್ಮ್ ದಾರಿಯಲ್ಲಿ ಒಂದೊಂದು ಬೈಟ್ ಮೂರು ಅಕ್ಷರ ಆಗುವುದರಿಂದ 45. ಹೆಸರು, ಊರು ಕಳಿಸುವುದಕ್ಕೆ ಪರವಾಗಿಲ್ಲ. ಒಂದು ಫೋಟೋ ಕಳಿಸುವುದಾದರೆ ಅದು ಮೂರು ಪಟ್ಟಿನ ಹತ್ತಿರ ಉಬ್ಬಿಬಿಡುತ್ತದೆ.

## ಎರಡನೆಯದು: ಜೇಸನ್

ಈಗಿನ ಎಪಿಐಗಳಲ್ಲಿ (ಬೇರೆ ಪ್ರೋಗ್ರಾಮ್‌ಗಳ ಜೊತೆ ಮಾತಾಡಲು ಸರ್ವರ್ ಇಟ್ಟ ಬಾಗಿಲು) ಬಹುಪಾಲು ‘ಅಪ್ಲಿಕೇಶನ್/ಜೇಸನ್’ ಕೇಳುತ್ತವೆ. ಮೇಲೆ ತೋರಿಸಿದ ಹೂವಿನ ಆವರಣದ ಸಾಲು ಅದೇ. ಡಗ್ಲಸ್ ಕ್ರಾಕ್‌ಫರ್ಡ್ ಬರೆದ 2006ರ ದಾಖಲೆಯಿಂದ ಈ ಚೀಟಿಗೆ ಅಧಿಕೃತ ಹೆಸರು ಸಿಕ್ಕಿತು. ಪಟ್ಟಿಯೊಳಗೆ ಪಟ್ಟಿ, ಅದರೊಳಗೆ ಮತ್ತೊಂದು ಪಟ್ಟಿ ಇಡಬಹುದು. ಸಂಖ್ಯೆ ಸಂಖ್ಯೆಯಾಗೇ ಉಳಿಯುತ್ತದೆ. ಹಳೇ ಫಾರ್ಮ್‌ನಲ್ಲಿ 2 ಅನ್ನುವುದು ಅಕ್ಷರವಾಗಿ ತಲುಪುತ್ತದೆ, ಸರ್ವರ್ ಅದನ್ನು ಮತ್ತೆ ಸಂಖ್ಯೆ ಮಾಡಿಕೊಳ್ಳಬೇಕು.

2017ರ ನಿಯಮದ ಪ್ರಕಾರ ಬೇರೆ ಬೇರೆ ವ್ಯವಸ್ಥೆಗಳ ನಡುವೆ ಓಡಾಡುವ ಜೇಸನ್ ಯುಟಿಎಫ್-8ರಲ್ಲೇ ಇರಬೇಕು. ಹಾಗಾಗಿ ಇದರ ಮುಂದೆ ಚಾರ್‌ಸೆಟ್ ಬರೆಯುವ ಅಗತ್ಯ ಇಲ್ಲ.

## ಮೂರನೆಯದು: ಫೈಲ್ ಇದ್ದಾಗ

ಫೋಟೋ, ಪಿಡಿಎಫ್ ಅಪ್‌ಲೋಡ್ ಮಾಡುವ ಫಾರ್ಮ್‌ಗೆ ‘ಮಲ್ಟಿಪಾರ್ಟ್/ಫಾರ್ಮ್-ಡೇಟಾ’. ಇದು ಬುತ್ತಿ ಕ್ಯಾರಿಯರ್ ಇದ್ದ ಹಾಗೆ. ಒಂದು ಡಬ್ಬಿಯಲ್ಲಿ ಅನ್ನ, ಇನ್ನೊಂದರಲ್ಲಿ ಸಾರು, ಮೇಲಿನದರಲ್ಲಿ ಪಲ್ಯ, ಎಲ್ಲಾ ಒಂದೇ ಹಿಡಿಯಲ್ಲಿ. ಒಂದೊಂದು ಡಬ್ಬಿಗೂ ತನ್ನದೇ ಚೀಟಿ. ಫೋಟೋ ಇರುವ ಭಾಗದ ಮೇಲೆ ‘ಇಮೇಜ್/ಜೆಪೆಗ್’ ಅಂತ ಬೇರೆಯಾಗಿ ಬರೆದಿರುತ್ತದೆ. ಬೈಟ್‌ಗಳು ಇದ್ದ ಹಾಗೇ ಹೋಗುತ್ತವೆ, ಉಬ್ಬುವುದಿಲ್ಲ.

ಒಂದು ಡಬ್ಬಿ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಸರ್ವರ್‌ಗೆ ಗೊತ್ತಾಗಬೇಕಲ್ವಾ? ಅದಕ್ಕೆ ಬೌಂಡರಿ ಎಂಬ ಒಂದು ಗಡಿಗುರುತು ಇದೆ. ಬ್ರೌಸರ್ ಪ್ರತಿ ಸಲವೂ ಹೊಸದಾಗಿ ಒಂದು ಉದ್ದದ ಅಕ್ಷರಮಾಲೆ ಹುಟ್ಟಿಸಿ, ಭಾಗ ಭಾಗದ ನಡುವೆ ಅದನ್ನು ಇಡುತ್ತದೆ. ಅದೇ ಗುರುತನ್ನು ಹೆಡರ್‌ನಲ್ಲೂ ಬರೆಯುತ್ತದೆ. ಸರ್ವರ್ ಹೆಡರ್‌ನಲ್ಲಿ ಗುರುತು ಓದಿ, ಬಾಡಿಯಲ್ಲಿ ಅದು ಎಲ್ಲೆಲ್ಲಿ ಇದೆಯೋ ಅಲ್ಲಲ್ಲಿ ಕತ್ತರಿಸುತ್ತದೆ.

ಇಲ್ಲಿ ಬಹಳ ಜನ ಬೀಳುವ ಹಳ್ಳ ಒಂದಿದೆ. ಜಾವಾಸ್ಕ್ರಿಪ್ಟ್‌ನಲ್ಲಿ ಫಾರ್ಮ್‌ಡೇಟಾ ಎಂಬ ಸೌಲಭ್ಯ ಬಳಸಿ ಫೈಲ್ ಕಳಿಸುವಾಗ, ಹೆಡರ್ ಸರಿಯಾಗಿ ಇಡಬೇಕು ಅಂತ ಎಲ್ಲೋ ಓದಿದ್ದು ನೆನಪಾಗಿ ತಾವೇ ಕೈಯಾರೆ ‘ಮಲ್ಟಿಪಾರ್ಟ್/ಫಾರ್ಮ್-ಡೇಟಾ’ ಎಂದು ಬರೆದುಬಿಡುತ್ತಾರೆ. ನೀವು ಬರೆದದ್ದರಲ್ಲಿ ಬೌಂಡರಿ ಇಲ್ಲ. ಬ್ರೌಸರ್ ಹುಟ್ಟಿಸಿದ ಗುರುತು ನಿಮಗೆ ಗೊತ್ತೂ ಇಲ್ಲ. ಸರ್ವರ್ ‘ಬೌಂಡರಿ ಸಿಗಲಿಲ್ಲ’ ಎಂದು ಕೈ ಎತ್ತುತ್ತದೆ. ಇಲ್ಲಿ ಹೆಡರ್ ಬರೆಯದೇ ಬಿಡುವುದೇ ಸರಿ, ಬ್ರೌಸರ್ ಬೌಂಡರಿ ಸಮೇತ ತಾನೇ ಬರೆದುಕೊಳ್ಳುತ್ತದೆ.

## ನೀವು ಬರೆಯದಿದ್ದರೆ ಯಾರು ಬರೆಯುತ್ತಾರೆ

ನಿಮ್ಮ ಕೈಲಿರುವ ಸಾಧನವೇ ಒಂದು ಚೀಟಿ ಊಹಿಸಿ ಅಂಟಿಸುತ್ತದೆ. ಒಂದೊಂದರ ಊಹೆ ಒಂದೊಂದು ಥರ.

ಜಾವಾಸ್ಕ್ರಿಪ್ಟ್‌ನಲ್ಲಿ ರಿಕ್ವೆಸ್ಟ್ ಕಳಿಸಲು ಬ್ರೌಸರ್‌ನಲ್ಲೇ ಇರುವ ಫೆಚ್‌ಗೆ ಜೇಸನ್ ಮಾಡಿದ ಅಕ್ಷರಸಾಲನ್ನು ಕೊಟ್ಟು ಸುಮ್ಮನಿದ್ದರೆ, ಅದು ‘ಟೆಕ್ಸ್ಟ್/ಪ್ಲೇನ್’ ಎಂದು ಬರೆಯುತ್ತದೆ. ಅದಕ್ಕೆ ಕಾಣುವುದು ಬರೀ ಅಕ್ಷರ, ನೀವು ಒಳಗೆ ಜೇಸನ್ ಇಟ್ಟಿದ್ದೀರಿ ಅಂತ ಗೊತ್ತಿಲ್ಲ. ನಮ್ಮ ಪುಟದಲ್ಲಿ ಹೋಗಿದ್ದ ಚೀಟಿ ಇದೇ. ಅದೇ ಕೆಲಸದ ಆಕ್ಸಿಯೋಸ್ ಎಂಬ ಲೈಬ್ರರಿಗೆ ಆಬ್ಜೆಕ್ಟ್ (ಹೆಸರು, ಊರು ಥರದ ಖಾನೆಗಳ ಗುಂಪು) ಕೊಟ್ಟರೆ ಅದು ತಾನೇ ಜೇಸನ್ ಮಾಡಿ ಸರಿಯಾದ ಚೀಟಿ ಹಾಕುತ್ತದೆ. ಹಾಗಾಗಿ ಆಕ್ಸಿಯೋಸ್‌ನಲ್ಲಿ ಸರಿ ಇದ್ದ ಕೋಡನ್ನು ಫೆಚ್‌ಗೆ ಬದಲಿಸಿದ ದಿನ ಕೆಟ್ಟುಹೋಗುವುದು ಉಂಟು.

ಕಮಾಂಡ್ ಬರೆದು ರಿಕ್ವೆಸ್ಟ್ ಕಳಿಸುವ ಕರ್ಲ್‌ನಲ್ಲಿ ‘-ಡಿ’ ಕೊಟ್ಟು ಡೇಟಾ ಕಳಿಸಿದರೆ ಅದು ಹಳೇ ಫಾರ್ಮ್ ಚೀಟಿ ಹಾಕುತ್ತದೆ, ನೀವು ಕೊಟ್ಟದ್ದು ಜೇಸನ್ ಆದರೂ. ಆಗ ಫಾರ್ಮ್ ಓದುವ ಸರ್ವರ್ ಏನು ಮಾಡುತ್ತದೆ ಗೊತ್ತಾ? ಇಡೀ ಜೇಸನ್ ಸಾಲನ್ನೇ ಒಂದು ಖಾನೆಯ ಹೆಸರು ಎಂದುಕೊಂಡು, ಅದರಲ್ಲಿ ತುಂಬಿದ್ದು ಏನೂ ಇಲ್ಲ ಎಂದು ಇಟ್ಟುಕೊಳ್ಳುತ್ತದೆ. ಲಾಗ್‌ನಲ್ಲಿ (ಸರ್ವರ್ ಬರೆದಿಡುವ ದಾಖಲೆ) ಅಂಥ ವಿಚಿತ್ರ ಸಾಲು ಕಂಡರೆ ಅನುಮಾನವೇ ಬೇಡ, ಚೀಟಿ ತಪ್ಪಿದೆ. 2022ರಲ್ಲಿ ಬಂದ ಕರ್ಲ್ 7.82ರಿಂದ ‘--ಜೇಸನ್’ ಎಂಬ ಆಯ್ಕೆ ಇದೆ, ಅದು ಹೆಡರ್ ಸಮೇತ ಸರಿಯಾಗಿ ಕಳಿಸುತ್ತದೆ.

ಪೈಥಾನ್ ಭಾಷೆಯ ರಿಕ್ವೆಸ್ಟ್ಸ್ ಲೈಬ್ರರಿಯಲ್ಲಿ ಡಿಕ್ಷನರಿಯನ್ನು (ಅಲ್ಲಿ ಆಬ್ಜೆಕ್ಟ್ ಥರದ್ದು) ‘ಡೇಟಾ=’ ಎಂದು ಕೊಟ್ಟರೆ ಫಾರ್ಮ್, ‘ಜೇಸನ್=’ ಎಂದು ಕೊಟ್ಟರೆ ಜೇಸನ್. ನೀವೇ ಜೇಸನ್ ಅಕ್ಷರಸಾಲು ಮಾಡಿ ‘ಡೇಟಾ=’ಗೆ ಕೊಟ್ಟರೆ ಚೀಟಿಯೇ ಇರುವುದಿಲ್ಲ. ರಿಕ್ವೆಸ್ಟ್ ಪರೀಕ್ಷಿಸುವ ಪೋಸ್ಟ್‌ಮ್ಯಾನ್ ಆಪ್‌ನಲ್ಲಿ ‘ರಾ’ ಆಯ್ಕೆ ಮಾಡಿದ ಮೇಲೆ ಪಕ್ಕದ ಪಟ್ಟಿಯಲ್ಲಿ ‘ಟೆಕ್ಸ್ಟ್’ ಇದೆಯೋ ‘ಜೇಸನ್’ ಇದೆಯೋ ನೋಡಿಕೊಳ್ಳಿ.

## ಸರ್ವರ್ ಕಡೆ ಏನಾಗುತ್ತದೆ

ಕೆಲವು ಸರ್ವರ್‌ಗಳು ನೇರವಾಗಿ ಹೇಳುತ್ತವೆ. 415 ಎಂಬ ಉತ್ತರ ಬಂದರೆ ‘ಈ ಬಗೆಯ ಸರಕು ನಾನು ತೆಗೆದುಕೊಳ್ಳುವುದಿಲ್ಲ’ ಅಂತ ಅರ್ಥ. ಸರ್ವರ್ ಕಟ್ಟುವ ಸಲಕರಣೆಗಳಾದ ಸ್ಪ್ರಿಂಗ್ ಮತ್ತು ಹೊಸ ಫ್ಲಾಸ್ಕ್ ಹೀಗೆ ಮಾಡುತ್ತವೆ. ಚೀಟಿ ಜೇಸನ್ ಎಂದಿದ್ದು ಒಳಗೆ ಬೇರೇನೋ ಇದ್ದರೆ ಸಾಮಾನ್ಯವಾಗಿ 400, ಅಂದರೆ ‘ರಿಕ್ವೆಸ್ಟ್ ಸರಿ ಇಲ್ಲ’, ಬರುತ್ತದೆ. ಇವು ಒಳ್ಳೆಯ ತಪ್ಪುಗಳು, ತಕ್ಷಣ ಗೊತ್ತಾಗುತ್ತದೆ.

ಕಷ್ಟ ಇರುವುದು ಏನೂ ಹೇಳದ ಸರ್ವರ್‌ಗಳಲ್ಲಿ. ನಮ್ಮ ಸರ್ವರ್ ಕಟ್ಟಿದ್ದು ಎಕ್ಸ್‌ಪ್ರೆಸ್ ಎಂಬ ಅಂಥದೇ ಸಲಕರಣೆಯ ನಾಲ್ಕನೇ ಆವೃತ್ತಿಯಲ್ಲಿ. ಅದರ ಜೇಸನ್ ಪಾರ್ಸರ್ ಚೀಟಿ ನೋಡಿ ‘ಇದು ನನ್ನದಲ್ಲ’ ಎಂದು ಪಕ್ಕಕ್ಕೆ ಸರಿಯುತ್ತದೆ, ಬಾಡಿಯ ಜಾಗದಲ್ಲಿ ಒಂದು ಖಾಲಿ ಆಬ್ಜೆಕ್ಟ್ ಇಡುತ್ತದೆ. ಖಾಲಿ ಆಬ್ಜೆಕ್ಟ್ ಹತ್ತಿರ ಹೆಸರು ಕೇಳಿದರೆ ಏನೂ ಸಿಗುವುದಿಲ್ಲ, ತಪ್ಪೂ ಬರುವುದಿಲ್ಲ. ನಾನು ಬರೆದ ಕೋಡ್ ಆ ಏನೂ ಇಲ್ಲದ್ದನ್ನೇ ತಾರೀಖಿನ ಜೊತೆ ಬರೆದಿಟ್ಟು 200 ಕಳಿಸುತ್ತಿತ್ತು. ಖಾಲಿ ಬಂದರೆ ತಿರಸ್ಕರಿಸು ಎಂದು ಒಂದು ಸಾಲು ಬರೆದಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಈಗ ನಾನು ಮಾಡುವ ಎಲ್ಲ ಪುಟದಲ್ಲೂ ಆ ಸಾಲು ಇದೆ.

ಪಿಎಚ್‌ಪಿ ಭಾಷೆಯಲ್ಲಿ ಬರೆದ ಸರ್ವರ್‌ನಲ್ಲಿ ಇದರ ತಿರುಗುಮುರುಗು. ಅಲ್ಲಿನ ‘ಪೋಸ್ಟ್’ ಪಟ್ಟಿ ತುಂಬುವುದು ಹಳೇ ಫಾರ್ಮ್ ಮತ್ತು ಮಲ್ಟಿಪಾರ್ಟ್ ಚೀಟಿಗೆ ಮಾತ್ರ. ನೀವು ಜೇಸನ್ ಕಳಿಸಿ, ಚೀಟಿಯನ್ನೂ ಸರಿಯಾಗಿ ಬರೆದರೂ ಪಟ್ಟಿ ಖಾಲಿ ಇರುತ್ತದೆ. ಬಾಡಿಯನ್ನು ‘ಪಿಎಚ್‌ಪಿ://ಇನ್‌ಪುಟ್’ನಿಂದ ಓದಿ ನೀವೇ ಬಿಡಿಸಿಕೊಳ್ಳಬೇಕು.

## ಚೀಟಿ ಸರಿ ಮಾಡಿದ ಮೇಲೆ ಹೊಸ ತಪ್ಪು

ನಾನು ‘ಅಪ್ಲಿಕೇಶನ್/ಜೇಸನ್’ ಎಂದು ಬರೆದು ಬಟನ್ ಒತ್ತಿದೆ. ಆಗ ಆರ್ಡರ್ ಹೋಗುವುದೇ ನಿಂತಿತು. ಬ್ರೌಸರ್‌ನಲ್ಲಿ ಕೆಂಪು ಅಕ್ಷರದಲ್ಲಿ ಕಾರ್ಸ್ ತಪ್ಪು, ಅಂದರೆ ಬೇರೆ ವಿಳಾಸಕ್ಕೆ ಕಳಿಸುವ ನಿಯಮದ ತಪ್ಪು. ಮೊದಲು ಖಾಲಿಯಾದರೂ ಹೋಗುತ್ತಿತ್ತಲ್ಲ ಅನ್ನಿಸಿ, ಹೆಡರ್ ತೆಗೆದುಬಿಡೋಣ ಎನ್ನುವ ಯೋಚನೆ ಬರುವುದು ಇಲ್ಲೇ. ತೆಗೆಯಬೇಡಿ.

ನಮ್ಮ ಪುಟ ಇದ್ದದ್ದು ಒಂದು ವಿಳಾಸದಲ್ಲಿ, ಸರ್ವರ್ ಇನ್ನೊಂದರಲ್ಲಿ. ಒಂದು ವಿಳಾಸದ ಪುಟ ಇನ್ನೊಂದು ವಿಳಾಸಕ್ಕೆ ಡೇಟಾ ಕಳಿಸುವಾಗ ಬ್ರೌಸರ್ ಹುಷಾರಾಗಿರುತ್ತದೆ. ಹಳೇ ಎಚ್‌ಟಿಎಂಎಲ್ ಫಾರ್ಮ್‌ಗಳು ಮೊದಲಿನಿಂದಲೂ ಬೇರೆ ವಿಳಾಸಕ್ಕೆ ಕಳಿಸಬಲ್ಲವು, ಅವು ಹಾಕಬಲ್ಲ ಚೀಟಿ ಮೂರೇ: ಯುಆರ್‌ಎಲ್‌ಎನ್‌ಕೋಡೆಡ್, ಮಲ್ಟಿಪಾರ್ಟ್, ಟೆಕ್ಸ್ಟ್/ಪ್ಲೇನ್. ಆ ಮೂರನ್ನು ಬ್ರೌಸರ್ ಈಗಲೂ ಕೇಳದೇ ಬಿಡುತ್ತದೆ. ಅದರಾಚೆಯ ಯಾವ ಚೀಟಿ ಇದ್ದರೂ, ಜೇಸನ್ ಇದ್ದರೂ, ಮೊದಲು ಆಪ್ಷನ್ಸ್ ಎಂಬ ಚಿಕ್ಕ ರಿಕ್ವೆಸ್ಟ್ ಕಳಿಸಿ ‘ಇಂಥ ಸರಕು ತರಲಾ?’ ಎಂದು ಸರ್ವರ್ ಹತ್ತಿರ ಕೇಳುತ್ತದೆ. ಇದಕ್ಕೆ ಪ್ರೀಫ್ಲೈಟ್ ಎನ್ನುತ್ತಾರೆ. ಸರ್ವರ್ ‘ತಾ’ ಎಂದರೆ ಮಾತ್ರ ನಿಜವಾದ ಪೋಸ್ಟ್ ಹೊರಡುತ್ತದೆ. ನಮ್ಮ ಸರ್ವರ್‌ಗೆ ಆಪ್ಷನ್ಸ್‌ಗೆ ಉತ್ತರ ಕೊಡುವುದನ್ನು ಕಲಿಸಿರಲಿಲ್ಲ, ಅಷ್ಟೇ. ಸರಿ ಮಾಡಬೇಕಾದದ್ದು ಸರ್ವರ್ ಕಡೆ: ಆಪ್ಷನ್ಸ್‌ಗೆ ಉತ್ತರ, ಅದರಲ್ಲಿ ಯಾವ ವಿಳಾಸಕ್ಕೆ ಅನುಮತಿ ಮತ್ತು ಕಂಟೆಂಟ್-ಟೈಪ್ ಹೆಡರ್‌ಗೆ ಅನುಮತಿ.

## ಕನ್ನಡ ಕೆಟ್ಟು ಬಂದರೆ

ಬಾಡಿ ತಲುಪಿದೆ, ಆದರೆ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಗುರುತುಗಳು. ಇದು ಚಾರ್‌ಸೆಟ್ ತಪ್ಪಿದ ಲಕ್ಷಣ. ‘ಕ’ ಅಕ್ಷರದ ಮೂರು ಬೈಟ್‌ಗಳನ್ನು ಯುಟಿಎಫ್-8 ಎಂದು ಓದದೇ ಹಳೇ ವಿಂಡೋಸ್ ಪದ್ಧತಿಯಲ್ಲಿ ಒಂದೊಂದಾಗಿ ಓದಿದರೆ ಮೂರು ಬೇರೆ ಗುರುತು ಸಿಗುತ್ತವೆ: ತಲೆ ಮೇಲೆ ಓರೆಗೀಟು ಇರುವ ಇಂಗ್ಲಿಷ್ ಎ, ಮೇಲಕ್ಕೆ ಏರಿ ಕೂತ ಪುಟ್ಟ 2, ಒಂದು ಕಪ್ಪು ಚುಕ್ಕೆ. ಕನ್ನಡದ ಎಲ್ಲ ಅಕ್ಷರಗಳ ಮೊದಲ ಬೈಟ್ ಒಂದೇ. ಅದಕ್ಕೇ ಕೆಟ್ಟ ಕನ್ನಡದಲ್ಲಿ ಆ ಗೀಟು ಹೊತ್ತ ಎ ಸಾಲುಸಾಲಾಗಿ ಕಾಣುತ್ತದೆ, ಅದರ ಪಕ್ಕ ಪುಟ್ಟ 2 ಅಥವಾ ಪುಟ್ಟ 3. ‘ಟೆಕ್ಸ್ಟ್/’ ಎಂದು ಶುರುವಾಗುವ ಚೀಟಿಗಳಲ್ಲಿ ‘ಚಾರ್‌ಸೆಟ್=ಯುಟಿಎಫ್-8’ ಸೇರಿಸುವುದನ್ನು ಮರೆಯಬೇಡಿ, ಕನ್ನಡ ಕಳಿಸುವವರಿಗೆ ಇದು ಬೇಕೇ ಬೇಕು.

## ಗೊಂದಲ ಮಾಡುವ ಇನ್ನೊಂದು ಹೆಡರ್

ಅಕ್ಸೆಪ್ಟ್ ಎಂಬ ಹೆಡರನ್ನು ಹಲವರು ಇದರ ಜೊತೆ ಕಲಸಿಕೊಳ್ಳುತ್ತಾರೆ. ಕಂಟೆಂಟ್-ಟೈಪ್ ‘ನಾನು ತಂದಿರುವುದು ಇದು’ ಎನ್ನುತ್ತದೆ, ಅಕ್ಸೆಪ್ಟ್ ‘ನನಗೆ ಉತ್ತರ ಈ ರೂಪದಲ್ಲಿ ಬೇಕು’ ಎನ್ನುತ್ತದೆ. ಗೆಟ್ ರಿಕ್ವೆಸ್ಟ್‌ನಲ್ಲಿ ಸಾಮಾನ್ಯವಾಗಿ ಬಾಡಿ ಇರುವುದಿಲ್ಲ. ಡಬ್ಬಿಯೇ ಇಲ್ಲದ ಮೇಲೆ ಚೀಟಿ ಬೇಡ.

## ಕಣ್ಣಾರೆ ನೋಡುವುದು

ಕೋಡ್ ಓದಿ ಊಹಿಸುವುದಕ್ಕಿಂತ, ಹೋಗಿದ್ದೇನು ಅಂತ ನೋಡಿಬಿಡಿ. ಕಂಪ್ಯೂಟರ್‌ನಲ್ಲಿ ಕ್ರೋಮ್ ತೆರೆದು ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ, ನಿಮ್ಮ ಫಾರ್ಮ್ ಕಳಿಸಿ. ಪಟ್ಟಿಯಲ್ಲಿ ಬಂದ ರಿಕ್ವೆಸ್ಟ್ ಮೇಲೆ ಒತ್ತಿದರೆ ಹೆಡರ್ಸ್ ಮತ್ತು ಪೇಲೋಡ್ ಎಂಬ ಎರಡು ಭಾಗ ಸಿಗುತ್ತವೆ. ಹೆಡರ್ಸ್‌ನಲ್ಲಿ ಕಂಟೆಂಟ್-ಟೈಪ್ ಎರಡು ಕಡೆ ಇರಬಹುದು, ರೆಸ್ಪಾನ್ಸ್ ಹೆಡರ್ಸ್ ಕೆಳಗಿನದು ಸರ್ವರ್ ಕೊಟ್ಟದ್ದು, ರಿಕ್ವೆಸ್ಟ್ ಹೆಡರ್ಸ್ ಕೆಳಗಿನದು ನಿಮ್ಮದು. ನಿಮ್ಮದನ್ನು ಓದಿ. ಆಮೇಲೆ ಪೇಲೋಡ್‌ನಲ್ಲಿ ‘ವ್ಯೂ ಸೋರ್ಸ್’ ಒತ್ತಿ ಬಾಡಿ ಇದ್ದ ಹಾಗೇ ನೋಡಿ. ಎರಡೂ ಒಂದೇ ಮಾತು ಹೇಳುತ್ತಿವೆಯಾ? ಇನ್ನು ಉಳಿದದ್ದು ಸರ್ವರ್‌ಗೆ ಆ ಬಗೆ ಓದಲು ಬರುತ್ತದಾ ಅನ್ನುವುದೊಂದೇ.

ನಮ್ಮ ಪುಟದಲ್ಲಿ ಹೆಡರ್ ಸೇರಿಸಿ, ಸರ್ವರ್‌ನಲ್ಲಿ ಆಪ್ಷನ್ಸ್‌ಗೆ ಉತ್ತರ ಬರೆದು, ಚಿಕ್ಕಮ್ಮನ ಫೋನಿನಿಂದಲೇ ಒಂದು ಆರ್ಡರ್ ಕಳಿಸಿ ನೋಡಿದೆವು. ಹನ್ನೆರಡನೇ ಸಾಲಿನಲ್ಲಿ ತಾರೀಖಿನ ಪಕ್ಕ ಹೆಸರು, ಊರು, ಬಾಟಲಿ ಮೂರೂ ಕನ್ನಡದಲ್ಲಿ ಕೂತಿದ್ದವು. ಮೇಲಿನ ಹನ್ನೊಂದು ಜನರಿಗಾಗಿ ಚಿಕ್ಕಮ್ಮ ವಾಟ್ಸಾಪ್ ಸ್ಟೇಟಸ್ ಹಾಕಿದರು: ‘ಹೋದ ವಾರ ಜೇನು ಕೇಳಿದವರು ದಯವಿಟ್ಟು ಇನ್ನೊಮ್ಮೆ ತಿಳಿಸಿ.’ ಒಂಬತ್ತು ಜನ ಫೋನ್ ಮಾಡಿದರು.